ಮಾವನವರ ಕೆಮ್ಮು ಮತ್ತು ನಾಲ್ಕನೇ ಮಶೀನು

ಗೆಳೆಯರೇ, ಇವತ್ತು ಮಧ್ಯಾಹ್ನ ಶಿಫ್ಟ್ ಬದಲಾಗುವ ಹೊತ್ತಿಗೆ, ಪೀಣ್ಯದ ನಮ್ಮ ಶೆಡ್ಡಿನಲ್ಲಿ ಎಲ್ಲರೆದುರು ಬೈಸಿಕೊಂಡೆ. ನಿನ್ನೆ ಮನೆಗೆ ಹೊರಡುವ ಮುಂಚೆ ಲಾಗ್‌ಬುಕ್ಕಿನಲ್ಲಿ ನಾನು ಬರೆದದ್ದು ಇಷ್ಟೇ: "ನಾಲ್ಕನೇ ಮಶೀನು ಶುರುವಾಗುವಾಗ, ಅಡುಗೆಮನೆಗೆ ಬರುವ ಮುಂಚೆ ಮಾವನವರು ಕೆಮ್ಮುವ ಹಾಗೆ ಎರಡು ಸಲ ಸದ್ದು ಮಾಡಿ ಸುಮ್ಮನಾಗುತ್ತದೆ."

"ಏನಮ್ಮ ಸುಮಾ, ಇದು ಲಾಗ್‌ಬುಕ್ಕಾ, ಕಥೆ ಪುಸ್ತಕಾನಾ? ಸೌಂಡ್ ಬರ್ತಿದೆ ಅಂತ ಬರೆದ್ರೆ ಸಾಲ್ದಾ?" ಎಂದರು ಇನ್‌ಚಾರ್ಜ್ ಸಾರ್.

ಆಗ ಮುಂದಿನ ಶಿಫ್ಟಿಗೆ ಬಂದಿದ್ದ ಗದಗದ ಬಸವರಾಜಣ್ಣ ಬಾಯಿ ಹಾಕಿದರು. "ಬರೇ ಸೌಂಡ್ ಅಂದ್ರ ಏನ್ ತಿಳೀತದ್ರಿ ಸರ? ನಿನ್ನೆ ಇದನ್ನ ಓದಿದ್ಮ್ಯಾಲೇ ನಾ ಬೇರಿಂಗ್ ಬಿಚ್ಚಿ ನೋಡಿದ್ದು. ಪೂರಾ ಸವದಿತ್ರಿ."

ಸಾರ್ ಕೂಡ ಎರಡು ಸಲ ಕೆಮ್ಮಿ ಸುಮ್ಮನಾದರು.

ನಲವತ್ತು ದಿನದಿಂದ ಒಂದು ದಿನವೂ ತಪ್ಪದೆ ಬ್ಲಾಗ್ ಬರೆಯುತ್ತಿದ್ದೇನೆ. ಬದುಕೊಂದು ಪಯಣ, ಮನಸ್ಸೊಂದು ಕಡಲು ಅಂತೆಲ್ಲ. ಶೆಡ್ಡಿನ ವಾಟ್ಸಾಪ್ ಗ್ರೂಪಿಗೂ ದಿನಾ ಲಿಂಕ್ ಹಾಕುತ್ತೇನೆ. ಲೈಕ್ ಒತ್ತುವವಳು ನನ್ನ ತಂಗಿ ಒಬ್ಬಳೇ, ಅದೂ ಓದದೆ. ಇಲ್ಲಿ ನೋಡಿದರೆ, ಗಡಿಬಿಡಿಯಲ್ಲಿ ಗೀಚಿದ ಒಂದು ಸಾಲು ಓದಿ ಒಬ್ಬರು ಮಶೀನನ್ನೇ ಬಿಚ್ಚಿದ್ದಾರೆ!

ಬಸ್ಸಿನಲ್ಲಿ ಕೂತವಳೇ ಇವತ್ತಿನ ಬ್ಲಾಗಿಗೆ ಮೊದಲು ಅದೊಂದೇ ಸಾಲನ್ನು ಹಾಕಿದೆ. ಕಂಪನಿ ವಿಷಯ ಹೊರಗೆ ಹೋಗಬಾರದು ಅಂತ "ನಾಲ್ಕನೇ" ಎಂಬುದನ್ನು ಮಾತ್ರ ತೆಗೆದೆ. ಐದೇ ನಿಮಿಷಕ್ಕೆ, ನಲವತ್ತು ದಿನದಲ್ಲಿ ಮೊಟ್ಟಮೊದಲ ಕಾಮೆಂಟ್ ಬಂತು. ಇನ್‌ಚಾರ್ಜ್ ಸಾರ್ ಅವರದು.

"ಮಶೀನ್ ನಂಬರ್ ಹಾಕಿಲ್ಲ."