ಬದಿಗಿಟ್ಟ ಅಂಜಲ್ ತಲೆ

ನಾನು ನಿದ್ದೆಯಲ್ಲಿ ಮಾತಾಡುತ್ತೇನಂತೆ ಮಾರಾಯ್ರೆ. ನಾನು ಒಪ್ಪಲಿಲ್ಲ. "ಹಾಂಗಾರೆ ಮೊಬೈಲಲ್ಲಿ ರೆಕಾರ್ಡ್ ಇಟ್ಟ್ ಮಲ್ಕೊ" ಎಂದಳು ಮಗಳು. ಇಟ್ಟೆ.

ಇವತ್ತು ಬೆಳಿಗ್ಗೆ ಚಾ ಕುಡಿಯುತ್ತಾ ಇಬ್ಬರೂ ಕೇಳಿದೆವು. ಮೊದಲು ಬರೀ ಗೊರಕೆ. ಮಗಳಿಗೆ ನಗುವೋ ನಗು. ಆಮೇಲೆ ನನ್ನ ದನಿ, ಮೀನು ಮಾರ್ಕೆಟಿನಲ್ಲಿ ಕೂಗುವಷ್ಟೇ ಜೋರಾಗಿ: "ಹ್ವಾಯ್, ಆ ತಲಿ ಮುಟ್ಬೇಡಿ. ಅದ್ ಮಾರುಕಲ್ಲ, ನಮ್ಮನಿಯವ್ರಿಗೆ."

ಮಗಳ ನಗು ನಿಂತಿತು. ಅವಳ ಅಪ್ಪ ತೀರಿಕೊಂಡು ವರ್ಷವಾಯಿತು. ಅಂಜಲ್ ಮೀನು ಕೊಯ್ದರೆ ತುಂಡು ಗಿರಾಕಿಗೆ, ತಲೆ ಅವರ ಸಾರಿಗೆ. ಮದುವೆಯಾದಂದಿನಿಂದ ನಮ್ಮಲ್ಲಿ ಹಾಗೇ ನಡೆದದ್ದು.

"ಕನಸದು, ಬಿಡ್" ಎಂದು ಅವಳಿಗೆ ಗದರಿ, ಬುಟ್ಟಿ ಎತ್ತಿಕೊಂಡು ಕೋಟೇಶ್ವರದ ಮಾರ್ಕೆಟಿಗೆ ಹೋದೆ. ಅಂಜಲ್ ಕೊಯ್ದು ಮಾರಿದೆ. ತುಂಡೆಲ್ಲ ಮುಗಿದ ಮೇಲೆ ಬಂದ ಹೆಂಗಸೊಬ್ಬರು ಬುಟ್ಟಿಯ ಮೂಲೆಯ ಬಾಳೆಲೆ ಸರಿಸಿ ನೋಡಿದರು.

"ತಲಿ ಇತ್ತಲ್ದಾ ಅಕ್ಕ? ಅದನ್ನೇ ಕೊಡಿ."

ಅದನ್ನು ಯಾವಾಗ ಮುಚ್ಚಿಟ್ಟೆನೋ ನನಗೇ ಗೊತ್ತಿಲ್ಲ.

"ಅದ್ ಮಾರುಕಲ್ಲ, ನಮ್ಮನಿಯವ್ರಿಗೆ" ಎಂದೆ, ನಡುಹಗಲು, ಕಣ್ಣು ಬಿಟ್ಟುಕೊಂಡೇ.

ನನ್ನ ಗಂಡ ಇಲ್ಲವೆಂದು ಗೊತ್ತಿರುವ ಪಕ್ಕದಲ್ಲಿ ಬಂಗುಡೆ ಮೀನು ಮಾರುವವಳು ತಲೆ ತಗ್ಗಿಸಿದಳು. ಏನೂ ಗೊತ್ತಿಲ್ಲದ ಆ ಹೆಂಗಸು "ಹಾಂಗಾರೆ ಬ್ಯಾಡ, ಅವ್ರೇ ಉಣ್ಲಿ" ಎಂದು ನಕ್ಕು ಹೋದರು.

ಈಗ ಸಾರು ಕುದಿಯುತ್ತಿದೆ. ಮಗಳು ತಲೆ ತಿನ್ನುವುದಿಲ್ಲ, ನನಗೂ ಸೇರುವುದಿಲ್ಲ. ತಲೆ ಚೀಪಿ ತಿನ್ನುವವರು ಹತ್ತಿರದಲ್ಲಿ ಯಾರಾದರೂ ಇದ್ದರೆ ಊಟಕ್ಕೆ ಬನ್ನಿ. ಒಂದು ತಟ್ಟೆ ಹೆಚ್ಚಿಗೆ ಇಟ್ಟಾಗಿದೆ.