ಸಪ್ಪ ನೀರಿಗೆ ತಿರುಗದ ಮೋಟಾರು

ಪರೀಕ್ಷಕರು ಎದುರಿಗೆ ಬಂದು ನಿಂತರೂ ನನ್ನ ಮೋಟಾರು ತಿರುಗಲೇ ಇಲ್ಲ. ಎಪ್ಪತ್ತರ ದಶಕದಲ್ಲಿ ವಿಜಯಪುರದಲ್ಲಿ ನಡೆದ ಶಾಲಾ ವಿಜ್ಞಾನ ಪ್ರದರ್ಶನವದು. ಬ್ಯಾಟರಿಯಿಂದ ಆಟಿಕೆಯ ಮೋಟಾರಿಗೆ ಹೋಗುವ ತಂತಿಯನ್ನು ನಡುವೆ ಕತ್ತರಿಸಿ, ಎರಡೂ ತುದಿಗೆ ತಗಡು ಕಟ್ಟಿ, ನೀರಿನ ಲೋಟದಲ್ಲಿ ಇಳಿಬಿಟ್ಟಿದ್ದೆ. ತಗಡು ಆಳಕ್ಕಿಳಿದಷ್ಟೂ ವೇಗ ಹೆಚ್ಚಬೇಕು. ಹಿಂದಿನ ದಿನ ತಿಕೋಟಾದ ನಮ್ಮ ಮನೆಯಲ್ಲಿ ಚೆನ್ನಾಗಿಯೇ ಓಡಿತ್ತು. ಇಲ್ಲಿ ಲೋಟದಲ್ಲಿದ್ದದ್ದು ಭೂತನಾಳ ಕೆರೆಯ ನಲ್ಲಿ ನೀರು.

ಜೊತೆಗೆ ಬಂದಿದ್ದ ನನ್ನ ಚಿಕ್ಕಮ್ಮ, ಚಿಗವ್ವ, ಲೋಟಕ್ಕೆ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡಳು.

“ಇದು ಸಪ್ಪ ಐತಿ ಯವ್ವಾ. ನಮ್ಮ ಬಾವಿ ನೀರು ಸವಳಲ್ಲೇನು?”

ಬುತ್ತಿಯ ಗಂಟು ಬಿಚ್ಚಿ, ಉಳ್ಳಾಗಡ್ಡಿಗೆಂದು ತಂದಿದ್ದ ಉಪ್ಪಿನಲ್ಲಿ ಒಂದು ಚಿಟಿಕೆ ಹಾಕಿ ಕಲಕಿದಳು. ಮೋಟಾರಿಗೆ ಸಿಕ್ಕಿಸಿದ್ದ ಕಾಗದದ ರೆಕ್ಕೆ ಅಲುಗಿತು. ಇನ್ನೊಂದು ಚಿಟಿಕೆಗೆ ಭರ್ರನೆ ತಿರುಗಿತು. ತಗಡು ಮೇಲೆತ್ತಿದೆ, ನಿಧಾನವಾಯಿತು.

ಪರೀಕ್ಷಕರು ಪೆನ್ನು ತೆಗೆದು, ಉಪ್ಪಿನ ಅಳತೆ ಎಷ್ಟೆಂದು ಕೇಳಿದರು.

“ರುಚಿ ನೋಡಿ ಹಾಕ್ರಿ ಸಾಹೇಬ್ರ,” ಎಂದಳು ಚಿಗವ್ವ.

ಮುಂದೆ ನಾನು ಬಬಲೇಶ್ವರದಲ್ಲಿ ವಿಜ್ಞಾನ ಶಿಕ್ಷಕಿಯಾದೆ. ನನ್ನ ತರಗತಿಯಲ್ಲಿ ಈ ಮೋಟಾರು ನಿಂತರೆ, ಮಕ್ಕಳು ತಂತಿ ಮುಟ್ಟುವ ಮೊದಲು ನೀರಿನ ರುಚಿ ನೋಡುತ್ತಿದ್ದರು.