ಹಾಳೆಯ ಕೊನೆಯ ಸಹಿ

ಬೆಳಕು ಹರಿಯುವ ಮುನ್ನ ವಿಲ್ಮಾ ಹಾಸಿಗೆ ಬಟ್ಟೆ ಒಗೆದು, ಓಟ್ಸ್ ಗಂಜಿ ಕಾಯಿಸಿ, ಮಾತ್ರೆ ಪುಡಿಮಾಡಿದಳು. ಗಂಡ ಎಲ್ಡನ್ ಸತ್ತು ಒಂಬತ್ತು ದಿನವಾಗಿದೆಯೆಂದು ಆಮೇಲೆ ನೆನಪಾಯಿತು. ಆದರೂ ಕೋಣೆಯಿಂದ ಅವನ ನರಳಾಟ ಕೇಳುತ್ತಲೇ ಇತ್ತು.

ಗಾಂಜಾವನ್ನು ಔಷಧಿಯಾಗಿ ಒಪ್ಪುವ ಪ್ರಶ್ನೆಯನ್ನು ಅಮೆರಿಕದ ನೆಬ್ರಾಸ್ಕಾ ರಾಜ್ಯದ ಮತದಾರರ ಮುಂದಿಡಿಸಲು ಅವಳು ಮನೆಮನೆ ತಿರುಗಿ ಮನವಿ ಹಾಳೆಗೆ ಸಹಿ ಕೂಡಿಸಿದ್ದಳು. “ನಾಳೆ ಹಾಕ್ತೀನಿ” ಎಂದಿದ್ದ ಎಲ್ಡನ್ ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿದ್ದ. ಅವನ ಸಹಿಯನ್ನು ಅವಳೇ ಹಾಕಿದ್ದಳು.

“ಅಡುಗೆ, ಬಟ್ಟೆ ಸಾಲ್ದು ಅಂತ ಗಂಡನ ಸಹೀನೂ ನೀನೇ ಮಾಡಿದ್ಯೇನೆ?” ಜೊತೆಗೆ ತಿರುಗಿದ್ದ ಡೋರೀನ್ ಗದರಿದಳು. “ಎಲ್ರೂ ನನ್ನೆದುರೇ ಹಾಕಿದ್ರು ಅಂತ ಇವತ್ತು ನೋಟರಿ ಮುಂದೆ ಪ್ರಮಾಣ ಮಾಡ್ಬೇಕು ನೀನು. ಸಿಕ್ಕಿಬಿದ್ರೆ ಆ ಹಾಳೇಲಿರೋ ಸಹಿಗಳೆಲ್ಲಾ ರದ್ದಾಗುತ್ತೆ. ಅವನ ಹೆಸರು ಹೊಡೆದುಹಾಕು.”

“ನೋವು ತಡೀಲಾರ್ದೆ ಕೊನೇತನಕ ಆ ಔಷಧೀನೇ ಕೇಳ್ತಿದ್ದ ಕಣೇ.”

ನೋಟರಿ ಕಚೇರಿಯೆದುರು, ಕಾರಿನಲ್ಲಿ ಒಬ್ಬಳೇ ಕೂತು, ವಿಲ್ಮಾ ಎಲ್ಡನ್‌ನ ಹೆಸರಿನ ಮೇಲೆ ಗೀಟೆಳೆದಳು.